ಹೊರಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ‘ಹೊರಗೆ’ ಎಂಬ ಮಾತಿಗೆ ನಿಘಂಟಿನಲ್ಲಿಲ್ಲದ ಅರ್ಥಗಳೇ ಹೆಚ್ಚು. ಹವ್ಯಕ ಬ್ರಾಹ್ಮಣರ ಬಾಯಲ್ಲಿ ಅದು ‘ಹೆರಗೆ’. ‘ಅವಳು ಹೆರಗೆ’ ಎಂದರೆ ಮುಟ್ಟಾಗಿದ್ದಾಳೆ, ನಾಲ್ಕನೆಯ ದಿನ ಮಿಂದ ಮೇಲೆಯೇ ಅಡಿಗೆಮನೆ. ‘ಹೊರಗಿನ ಲೋಟ’ ಎಂದರೆ ತೋಟದ ಕೆಲಸದವರಿಗೆ ಕುಡಿಯಲು ಆಸರಿ ಕೊಡಲು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟದ್ದು, ಕುಡಿದವರೇ ತೊಳೆದಿಡಬೇಕು. ‘ಅವರನ್ನು ಹೊರಗೆ ಹಾಕಿದ್ದಾರೆ’ ಎಂದರೆ ಬಹಿಷ್ಕಾರ. ಹುಡುಗರಾಗಿದ್ದಾಗ ನಾವು ದಿನ ಬೆಳಗಾದರೆ ಕೇಳುತ್ತಿದ್ದುದು ಮಾತ್ರ ಇನ್ನೊಂದು: ‘ಹೆರಗೆ ಹೇಳಡ, ತಮಾ’, ಹೊರಗೆ ಹೇಳಬೇಡ ತಮ್ಮಾ.

ಹಳಗನ್ನಡದಲ್ಲಿ ಇದು ‘ಪೊಱ’. ತಮಿಳರ ‘ಪುಱಂ’ ಕೂಡ ಇದೇ. ಅವರ ಹಳೆಯ ಕಾವ್ಯದಲ್ಲಿ ‘ಅಗಂ’ ಎಂದರೆ ಒಳಗಿನ ಪ್ರೇಮ, ‘ಪುಱಂ’ ಎಂದರೆ ಯುದ್ಧ, ಅರಸು, ದಾನ, ಕೀರ್ತಿ. ಅಲ್ಲಿ ಹೊರಗೆ ಎಂದರೆ ನಾಲ್ಕು ಜನರ ಕಣ್ಣಿಗೆ ಬೀಳುವ ಬಯಲು. ನಮ್ಮಲ್ಲಿಯೂ ‘ಪೊಱಮಡು’ ಸವೆದು ‘ಹೊರಡು’ ಆಯಿತು. ಅದೊಂದು ಬಿಡುಗಡೆಯ ಮಾತು. ಅದೇ ಬೇರಿನಲ್ಲಿ ‘ಹೊರತು’ ಕೂಡ ಹುಟ್ಟಿದೆ. ನಮ್ಮೂರ ಮನೆಗಳು ಹೊರಡುವುದನ್ನು ಗಂಡುಹುಡುಗರಿಗೆ ಕೊಟ್ಟು, ಹೊರತಾಗುವುದನ್ನು ಉಳಿದವರಿಗೆ ಹಂಚಿದವು.

ಮನೆ ಕಟ್ಟಿದ ರೀತಿಯಲ್ಲೇ ಆ ಹಂಚಿಕೆ ಕಾಣುತ್ತಿತ್ತು. ಅಂಗಳ, ಹೊರಜಗಲಿ, ಒಳಜಗಲಿ, ನಡುಮನೆ, ಅಡಿಗೆಮನೆ, ದೇವರ ಕೋಣೆ. ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ, ಕಾಲಿಗೇ ಗೊತ್ತಿರುತ್ತಿತ್ತು. ಮರದ ತುದಿಯವರೆಗೆ ಹತ್ತಿ, ಅಲ್ಲಿಂದಲೇ ಮುಂದಿನ ಮರಕ್ಕೆ ದಾಟಿ ಅಡಿಕೆಕೊನೆ ಇಳಿಸುವ ಕೊನೆಗೌಡ ಜಗಲಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಅವನಿಲ್ಲದೆ ಆ ಮನೆಗೆ ವರ್ಷದ ಅನ್ನವಿಲ್ಲ.

ಈ ಅಂಗಳದಲ್ಲೇ ಸುಗ್ಗಿಯ ರಾತ್ರಿಗಳಲ್ಲಿ ಅಡಿಕೆ ಸುಲಿಯುತ್ತಿದ್ದರು. ಎದುರಿಗೆ ಮೆಟ್ಟುಗತ್ತಿ, ಪಕ್ಕದಲ್ಲಿ ಲಾಟೀನು, ಕೈಗೆ ಕೆಲಸ, ಬಾಯಿಗೆ ಬಿಡುವು. ನನ್ನ ಅಜ್ಜನಿಗೆ ಒಬ್ಬ ತಂಗಿ ಇದ್ದಳೆಂದು ನನಗೆ ತಿಳಿದದ್ದು ಅಲ್ಲಿ, ಸುಲಿಯಲು ಬರುತ್ತಿದ್ದ ಒಬ್ಬ ಮುದುಕಿಯಿಂದ. ‘ನಿಮ್ಮ ಅಜ್ಜನ ತಂಗಿನೂ ಹಿಂಗೇ ನಗಾಡ್ತಿದ್ರು, ಸಣ್ಣ ಹೆಗಡೇರೇ’ ಎಂದಳು. ಹತ್ತಿರ ಕೂತವರು ಕೆಮ್ಮಿದರು. ಕಥೆ ಚೂರುಚೂರಾಗಿ ಬರಲು ವರ್ಷಗಳೇ ಹಿಡಿದವು: ಎಳವೆಯಲ್ಲೇ ಗಂಡ ಸತ್ತ ಹುಡುಗಿ, ಬೋಳಿಸಿದ ತಲೆ, ಕೆಂಪು ಸೀರೆ, ಬಸುರು, ಒಂದು ರಾತ್ರಿ ಹೊರಟ ಗಾಡಿ. ಬದುಕಿದ್ದವಳಿಗೆ ಮನೆಯವರು ಶ್ರಾದ್ಧ ಮಾಡಿ ಮುಗಿಸಿದರು. ಮುಂದೆ ಯಾವ ಕಾರ್ಯದಲ್ಲೂ ಅವಳ ಹೆಸರು ಬರಲಿಲ್ಲ. ಅವಳ ಹೆಸರನ್ನು ಇಟ್ಟುಕೊಂಡಿದ್ದವಳು ಅಂಗಳ ದಾಟಿ ಒಳಗೆ ಬರಲಾರದ ಆ ಮುದುಕಿ.

ಇದನ್ನು ನಾನು ಬಹಳ ಯೋಚಿಸಿದ್ದೇನೆ. ‘ಹೆರಗೆ ಹೇಳಡ’ ಎನ್ನುವ ಆಜ್ಞೆಗೆ ಅರ್ಥವೇ ಇರಲಿಲ್ಲ. ಹೊರಗಿನವರಿಗೆ ಎಲ್ಲವೂ ಗೊತ್ತಿತ್ತು. ಬಾಣಂತಿಯ ಬಟ್ಟೆ ಒಗೆದವರು, ರಾತ್ರಿ ಗಾಡಿ ಹೊಡೆದವರು, ಕೊಟ್ಟಿಗೆಯಲ್ಲಿ ಅಳು ಕೇಳಿದವರು ಅವರೇ. ಯಾರನ್ನು ಹೊಸಿಲಾಚೆ ನಿಲ್ಲಿಸಿದ್ದರೋ ಅವರು ಹೊಸಿಲೊಳಗಿನ ಬದುಕನ್ನು ಪೂರ್ತಿ ಬಲ್ಲವರಾಗಿದ್ದರು, ಮತ್ತು ದೊಡ್ಡ ಮನಸ್ಸಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗುಟ್ಟು ಮುಚ್ಚಿಟ್ಟದ್ದು ಒಳಗಿನ ಮಕ್ಕಳಿಂದ.

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಮಾರಿಯ ಬಗ್ಗೆ ಜನ ಹೇಳಿಕೊಂಡು ಬಂದ ಕಥೆಯಲ್ಲಿರುವುದೂ ಇಂಥದೇ ಗುಟ್ಟು. ಕೆಳಜಾತಿಯವನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾಗುತ್ತಾನೆ. ಸಂಸಾರ ಚೆನ್ನಾಗಿಯೇ ನಡೆಯುತ್ತದೆ. ಒಂದು ದಿನ ಸತ್ಯ ತಿಳಿದು ಅವಳು ಉಗ್ರಳಾಗಿ ಬೆನ್ನಟ್ಟುತ್ತಾಳೆ, ಅವನು ಕೋಣನೊಳಗೆ ಅಡಗುತ್ತಾನೆ. ಬಲಿಯ ಕೋಣ ಎಂದರೆ ಆ ಗಂಡ. ಬೇರೆ ಯಾವ ಕಥೆಯೂ ನನ್ನನ್ನು ಇಷ್ಟು ಕಲಕಿಲ್ಲ. ಒಳಗೆ ಬಂದ ಹೊರಗಿನವನನ್ನು ಊರು ಜಾತ್ರೆ ಜಾತ್ರೆಗೂ ಮತ್ತೆ ಮತ್ತೆ ಕೊಂದಿತಲ್ಲ! ಗಾಂಧೀಜಿ 1934ರಲ್ಲಿ ಹರಿಜನ ಯಾತ್ರೆಯ ಮೇಲೆ ಶಿರಸಿಗೆ ಬಂದ ಆ ಕಾಲದಲ್ಲಿ ಇಲ್ಲಿನವರೇ ಹಠ ಹಿಡಿದು ಕೋಣನ ಬಲಿ ನಿಲ್ಲಿಸಿದರು. ಕಥೆ ಉಳಿದಿದೆ.

ಹೊರಗನ್ನು ಹೆಣ್ಣುಮಕ್ಕಳು ತಾವಾಗಿಯೇ ಆರಿಸಿಕೊಂಡ ಒಂದು ಗಳಿಗೆಯನ್ನು ಇಲ್ಲಿ ನೆನೆಯಲೇಬೇಕು. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಸಿದ್ದಾಪುರದ ರೈತರ ಜಮೀನು ಜಪ್ತಿಯಾಗಿ ಹರಾಜಾದಾಗ, 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಆ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ಹೆಬ್ಬಾಗಿಲು ದಾಟದೆ ಬೆಳೆದವರು ಪರರ ಬಾಗಿಲಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿದರು. ‘ಪುಱಂ’ ಎಂಬುದರ ಹಳೆಯ ಗೌರವ ಆ ಅಂಗಳಕ್ಕೆ ಬಂತು.

ಯಲ್ಲಾಪುರದ ಕಡೆ ಈ ಮಾತು ಇನ್ನೂ ಕಟುವಾಗಿ ಬಿದ್ದದ್ದು ಸಿದ್ದಿಗಳ ಮೇಲೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ತಲೆಮಾರುಗಳಿಂದ ಈ ಕಾಡು, ಈ ತೋಟಗಳಲ್ಲೇ ದುಡಿದವರು. ಅವರ ಕನ್ನಡದಲ್ಲಿ ನಮ್ಮ ಮನೆಮಾತಿನ ರಾಗವೇ ಕೇಳುತ್ತದೆ. ಆದರೂ ಬಸ್ಸಿನಲ್ಲಿ, ಪೇಟೆಯಲ್ಲಿ ‘ಎಲ್ಲಿಯವರು?’ ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಒಳಗೆ ಎಂದು ಒಪ್ಪಿಕೊಳ್ಳಲು ಎಷ್ಟು ತಡ!

ಈಗ ಮಾತು ಹೊಸ ವೇಷ ತೊಟ್ಟಿದೆ. ‘ಮಗ ಹೊರಗಿದ್ದಾನೆ’ ಎಂದರೆ ಬೆಂಗಳೂರು ಅಥವಾ ಅಮೆರಿಕ, ದನಿಯಲ್ಲಿ ಹೆಮ್ಮೆ. ತೋಟ ನೋಡಿಕೊಂಡು ಊರಲ್ಲೇ ಉಳಿದವನಿಗೆ ಹೆಣ್ಣು ಸಿಗುತ್ತಿಲ್ಲ. ಇದೇ ಜಿಲ್ಲೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬರೆದಾಗ ದುಡ್ಡಿಗೆ ಹೆಣ್ಣುಮಗುವನ್ನು ಮಾರುವುದು ಹವ್ಯಕರ ಮನೆಯ ಸಂಗತಿಯಾಗಿತ್ತು. ಇಂದು ಅದೇ ಮನೆಗಳು ದೂರದ ಊರುಗಳಿಂದ, ಬೇರೆ ರಾಜ್ಯಗಳಿಂದ ಸೊಸೆಯರನ್ನು ತರುತ್ತಿವೆ. ‘ಹೊರಗಿನ ಹುಡುಗಿ’ ಎನ್ನುತ್ತಾರೆ. ಅವಳೇ ಅಡಿಗೆಮನೆಯಲ್ಲಿದ್ದಾಳೆ, ಅವಳೇ ದೇವರ ದೀಪ ಹಚ್ಚುತ್ತಾಳೆ, ವರ್ಷದೊಳಗೆ ಅತ್ತೆಯನ್ನು ‘ಆಯಿ’ (ಅಮ್ಮ) ಎಂದು ಕರೆಯಲೂ ಕಲಿಯುತ್ತಾಳೆ. ನೆಂಟರು ಬಂದಾಗ ಮಾತ್ರ ಅತ್ತೆ ಅವಳ ತವರಿನ ಜಾತಿಯ ವಿಷಯಕ್ಕೆ ಬಾರದಂತೆ ಮಾತು ತಿರುಗಿಸುತ್ತಾಳೆ.

ಆ ಸೊಸೆಯಂದಿರ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಅಜ್ಜಿಯ ಮನೆ ಎಲ್ಲಿ, ಅವರು ಯಾವ ಜನ, ಆಯಿ ಯಾಕೆ ಒಬ್ಬಳೇ ಇದ್ದಾಗ ಬೇರೆ ಭಾಷೆಯಲ್ಲಿ ಹಾಡುತ್ತಾಳೆ ಎಂದು ಕೇಳುತ್ತಿದ್ದಾರೆ. ಈ ಸಲ ಉತ್ತರವನ್ನು ನಡುಮನೆಯಲ್ಲಿ ಕೂತು ಮನೆಯವರೇ ಹೇಳಲಿ. ಅಂಗಳದಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಮುದುಕಿಯರು ಈಗ ಇಲ್ಲ.