ನಾಯಿಗೆ ತುರಿಕೆ, ಕೂದಲು ಉದುರುವಿಕೆ: ಎಲ್ಲವೂ ಕಜ್ಜಿಯಲ್ಲ, ಮುಲಾಮು ಹಚ್ಚುವ ಮುನ್ನ ಇದನ್ನು ತಿಳಿಯಿರಿ

ಮನೆಯ ನಾಯಿ ಒಂದು ಹೊತ್ತು ಊಟ ಬಿಟ್ಟರೆ ಗಾಬರಿಯಾಗುವ ನಾವು, ಅದು ದಿನವಿಡೀ ಮೈ ಕೆರೆದುಕೊಳ್ಳುತ್ತಿದ್ದರೆ ‘ನಾಯಿ ಅಲ್ಲವೇ, ಕೆರೆದುಕೊಳ್ಳುತ್ತೆ ಬಿಡಿ’ ಎಂದು ಸುಮ್ಮನಿರುತ್ತೇವೆ. ಕೂದಲು ಉದುರಿ ಚರ್ಮ ಕಾಣತೊಡಗಿದ ಮೇಲೆ ಅದಕ್ಕೆ ‘ಕಜ್ಜಿ’ ಎಂದು ಹೆಸರಿಟ್ಟು, ಮನೆಯಲ್ಲಿರುವ ಯಾವುದೋ ಮುಲಾಮು ಹಚ್ಚುತ್ತೇವೆ. ಎಡವುವುದು ಇಲ್ಲೇ.

ತುರಿಕೆ ಮತ್ತು ಕೂದಲು ಉದುರುವುದು ರೋಗವಲ್ಲ, ರೋಗದ ಲಕ್ಷಣ. ಇದರ ಹಿಂದೆ ಚಿಗಟ, ನುಸಿ, ಶಿಲೀಂಧ್ರ, ಅಲರ್ಜಿ, ಹಾರ್ಮೋನ್ ಏರುಪೇರು ಹೀಗೆ ಯಾವುದಾದರೂ ಇರಬಹುದು. ನೋಡಲು ಎಲ್ಲವೂ ಒಂದೇ ಥರ ಕಂಡರೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಹಿತವಾಗುವ ಔಷಧ ಇನ್ನೊಂದನ್ನು ಕೆರಳಿಸಲೂಬಹುದು.

ಎಷ್ಟು ಉದುರಿದರೆ ಸಹಜ?

ಆರೋಗ್ಯವಂತ ನಾಯಿಯೂ ಕೂದಲು ಉದುರಿಸುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದಟ್ಟ ಕೂದಲಿನ ತಳಿಗಳಲ್ಲಿ ಋತು ಬದಲಾಗುವಾಗ ಸೋಫಾ, ಬಟ್ಟೆಯ ಮೇಲೆಲ್ಲ ಕೂದಲೇ ಇರುತ್ತದೆ. ಆದರೆ ಮೈಮೇಲೆ ಎಲ್ಲೂ ಬೋಳು ಕಾಣಿಸದೆ, ಚರ್ಮ ಕೆಂಪಾಗದೆ, ತುರಿಕೆಯೂ ಇಲ್ಲದಿದ್ದರೆ ಚಿಂತೆ ಬೇಡ. ಟೈಲ್ಸ್ ನೆಲದ ಮೇಲೆ ಮಲಗುವ ದೊಡ್ಡ ನಾಯಿಗಳ ಮೊಣಕೈಯಲ್ಲಿ ಕೂದಲು ಹೋಗಿ ಚರ್ಮ ಗಟ್ಟಿಯಾಗುವುದೂ ಸಾಮಾನ್ಯ. ದಪ್ಪ ಹಾಸಿಗೆ ಹಾಕಿಕೊಟ್ಟರೆ ಅಲ್ಲಿ ಹುಣ್ಣಾಗುವುದನ್ನು ತಡೆಯಬಹುದು.

ಬೋಳು ಕಲೆ, ಹುಣ್ಣು, ಹೊಟ್ಟು, ದುರ್ವಾಸನೆ, ಚರ್ಮ ಕಪ್ಪಗಾಗಿ ದಪ್ಪಗಾಗುವುದು ಮಾತ್ರ ಸಹಜವಲ್ಲ.

ಮೊದಲು ಗಮನಿಸಬೇಕಾದ ಎರಡು ಸಂಗತಿ

ಒಂದು, ತುರಿಕೆ ಮೊದಲು ಬಂತೋ, ಕೂದಲು ಮೊದಲು ಉದುರಿತೋ? ಎರಡು, ಕೂದಲು ಉದುರಿರುವುದು ಮೈಯ ಯಾವ ಭಾಗದಲ್ಲಿ? ಇವೆರಡಕ್ಕೆ ಉತ್ತರ ಸಿಕ್ಕರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಬಾಲದ ಬುಡ, ಸೊಂಟ: ಚಿಗಟ

ಬೆನ್ನಿನ ಹಿಂಭಾಗ, ಬಾಲದ ಬುಡ, ಹಿಂದೊಡೆಗಳಲ್ಲಿ ಕೂದಲು ತೆಳುವಾಗಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಅಲರ್ಜಿ. ಅಂಥವಕ್ಕೆ ನಾಲ್ಕಾರು ಚಿಗಟ ಕಚ್ಚಿದರೂ ಸಾಕು, ಮೈಯೆಲ್ಲ ತುರಿಕೆ.

ಚಿಗಟ ಕಣ್ಣಿಗೆ ಬೀಳದಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಹತ್ತಿರ ಹಲ್ಲುಗಳಿರುವ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ಚಿಗಟದ ಮೊಟ್ಟೆಗಳು ನಾಯಿಯ ಮೈಯಿಂದ ಹಾಸಿಗೆ, ಕಾರ್ಪೆಟ್, ಸೋಫಾದ ಸಂದಿಗಳಿಗೆ ಉದುರುತ್ತವೆ. ಆದ್ದರಿಂದ ನಾಯಿಗೆ ಮಾತ್ರ ಔಷಧ ಹಾಕಿದರೆ ಸಾಲದು. ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು, ಮನೆಯ ಇತರ ಸಾಕುಪ್ರಾಣಿಗಳಿಗೂ ಅವಕ್ಕೆ ಹೊಂದುವ ಔಷಧ ಕೊಡಿಸಬೇಕು, ಕೆಲವು ತಿಂಗಳು ಬಿಡದೆ ಮುಂದುವರಿಸಬೇಕು.

ಉಣುಗು ಕಂಡರಂತೂ ತಡ ಮಾಡಬಾರದು. ಅದು ಎರ್ಲಿಕಿಯಾ, ಬಬೇಸಿಯಾದಂಥ ರಕ್ತದ ಸೋಂಕುಗಳನ್ನು ಹರಡುತ್ತದೆ. ಜ್ವರ, ಬಿಳಿಚಿಕೊಂಡ ವಸಡು, ಮೂಗಿನಲ್ಲಿ ರಕ್ತ, ಗಾಢ ಬಣ್ಣದ ಮೂತ್ರ ಅಪಾಯದ ಸೂಚನೆಗಳು.

ಕಜ್ಜಿಯಲ್ಲೂ ಎರಡು ಬಗೆ

ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗದಲ್ಲಿ ಕೂದಲು ಉದುರಿ, ನಾಯಿಗೆ ರಾತ್ರಿ ನಿದ್ದೆಯೂ ಬಾರದಷ್ಟು ತುರಿಕೆಯಿದ್ದರೆ ಅದು ಸಾರ್ಕಾಪ್ಟಿಸ್ ನುಸಿಯ ಕಜ್ಜಿ ಇರಬಹುದು. ಈ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ನಾಯಿಯಿಂದ ನಾಯಿಗೆ ಬೇಗ ಹರಡುತ್ತದೆ. ಎತ್ತಿಕೊಂಡವರ ಕೈ, ಹೊಟ್ಟೆಯ ಮೇಲೂ ತುರಿಸುವ ಗುಳ್ಳೆ ಏಳಬಹುದು. ಆದರೆ ಮನುಷ್ಯರ ಚರ್ಮದಲ್ಲಿ ಅದು ಬಹುಕಾಲ ಬದುಕದು, ನಾಯಿಗೆ ಚಿಕಿತ್ಸೆಯಾದರೆ ಸಾಮಾನ್ಯವಾಗಿ ತಾನಾಗಿ ಶಮನವಾಗುತ್ತದೆ.

ಇನ್ನೊಂದು ಡೆಮೋಡೆಕ್ಸ್. ಈ ನುಸಿ ಕೂದಲಿನ ಬುಡದಲ್ಲಿ ವಾಸಿಸುತ್ತದೆ. ಹುಟ್ಟಿದ ಮೊದಲ ದಿನಗಳಲ್ಲೇ ತಾಯಿಯಿಂದ ಮರಿಗೆ ಬರುತ್ತದೆ. ಆರೋಗ್ಯವಂತ ನಾಯಿಯ ಮೈಮೇಲೂ ಅಲ್ಪ ಸಂಖ್ಯೆಯಲ್ಲಿ ಇರುತ್ತದೆ. ರೋಗನಿರೋಧಕ ಶಕ್ತಿ ಕುಂದಿದಾಗ ಸಂಖ್ಯೆ ಹೆಚ್ಚಿ ಕಣ್ಣಿನ ಸುತ್ತ, ಮುಖ, ಮುಂಗಾಲುಗಳಲ್ಲಿ ಬೋಳು ಕಲೆಗಳಾಗುತ್ತವೆ. ಆರಂಭದಲ್ಲಿ ತುರಿಕೆ ಕಡಿಮೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಮರಿಗಳಲ್ಲಿ ಒಂದೆರಡು ಕಲೆಗಳಷ್ಟೇ ಇದ್ದರೆ ಹೆಚ್ಚಿನ ವೇಳೆ ತಾನಾಗಿ ವಾಸಿಯಾಗುತ್ತದೆ. ಮೈಯೆಲ್ಲ ಹರಡಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ವಯಸ್ಕ ನಾಯಿಯಲ್ಲಿ ಹೊಸದಾಗಿ ಬಂದರೆ ಒಳಗೆ ಬೇರೆ ಕಾಯಿಲೆ ಇದೆಯೇ ಎಂದು ನೋಡಿಸಬೇಕು.

ದುಂಡನೆಯ ಕಲೆ, ಕಮಟು ವಾಸನೆ: ಶಿಲೀಂಧ್ರ

ದುಂಡಗೆ ಕೂದಲು ಉದುರಿ ಅಂಚಿನಲ್ಲಿ ಹೊಟ್ಟು ಏಳುತ್ತಿದ್ದರೆ ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳುವಿದ್ದರೂ ಇದು ಶಿಲೀಂಧ್ರದ ಸೋಂಕು. ಮನುಷ್ಯರಿಗೂ, ಅದರಲ್ಲೂ ಮಕ್ಕಳಿಗೆ ಬೇಗ ಅಂಟುತ್ತದೆ.

ಕಿವಿಯೊಳಗೆ, ಬೆರಳ ಸಂದಿ, ಕುತ್ತಿಗೆಯ ಮಡಿಕೆಯಲ್ಲಿ ಜಿಡ್ಡು, ಕಮಟು ವಾಸನೆ ಇದ್ದರೆ ಅದು ಮಲಸೇಜಿಯಾ ಎಂಬ ಯೀಸ್ಟ್ ಇರಬಹುದು. ಮುಂಬೈ, ಚೆನ್ನೈಯಂಥ ಕರಾವಳಿ ನಗರಗಳ ಸೆಕೆ, ಮಳೆಗಾಲದಲ್ಲಿ ಒಣಗದ ಮೈ ಇದಕ್ಕೆ ಅನುಕೂಲ. ಮಳೆಯಲ್ಲಿ ವಾಕಿಂಗ್ ಮುಗಿಸಿ ಬಂದ ಮೇಲೆ ಕಾಲ್ಬೆರಳ ಸಂದಿಯವರೆಗೆ ಒರೆಸುವುದು ಒಳ್ಳೆಯ ಅಭ್ಯಾಸ.

ಪಾದ ನೆಕ್ಕುವುದು, ಮುಖ ಉಜ್ಜುವುದು: ಅಲರ್ಜಿ

ಸದಾ ಪಾದ ನೆಕ್ಕುವುದು, ಸೋಫಾಕ್ಕೆ ಮುಖ ಉಜ್ಜುವುದು, ಮತ್ತೆ ಮತ್ತೆ ಕಿವಿ ಸೋಂಕು ಅಲರ್ಜಿಯ ಲಕ್ಷಣಗಳು. ಧೂಳಿನ ನುಸಿ, ಪರಾಗದಂಥವುಗಳಿಂದ ಬರುವ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಇದನ್ನು ಹತೋಟಿಯಲ್ಲಿಡಬಹುದು, ಪೂರ್ತಿ ಗುಣಪಡಿಸುವುದು ಕಷ್ಟ.

ಆಹಾರದ ಅಲರ್ಜಿ ಪತ್ತೆಗೆ, ನಾಯಿ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ಕನಿಷ್ಠ 8 ವಾರ ಕೊಟ್ಟು ನೋಡುತ್ತಾರೆ. ನಡುವೆ ಮನೆಯವರು ಪ್ರೀತಿಯಿಂದ ಒಂದು ಬಿಸ್ಕೆಟ್ ಕೊಟ್ಟರೂ ಪರೀಕ್ಷೆ ಕೆಟ್ಟಂತೆ.

ತುರಿಕೆಯೇ ಇಲ್ಲದಿದ್ದರೆ: ಹಾರ್ಮೋನ್

ಎರಡೂ ಪಕ್ಕೆಗಳಲ್ಲಿ ಸಮಸಮವಾಗಿ ಕೂದಲು ಉದುರುತ್ತಿದೆ, ತುರಿಕೆ ಇಲ್ಲ, ನಾಯಿ ಮಂಕಾಗಿ ದಪ್ಪಗಾಗುತ್ತಿದೆ ಎಂದರೆ ಥೈರಾಯ್ಡ್ ಕೊರತೆ ಇರಬಹುದು. ವಿಪರೀತ ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಹೊಟ್ಟೆ ಜೋತುಬಿದ್ದರೆ ಕುಶಿಂಗ್ಸ್ ಕಾಯಿಲೆಯ ಅನುಮಾನ. ದೀರ್ಘಕಾಲ ಸ್ಟೀರಾಯ್ಡ್ ಕೊಟ್ಟ ನಾಯಿಗಳಲ್ಲೂ ಇದೇ ಲಕ್ಷಣ ಬರಬಹುದು. ಇಂಥ ನಾಯಿಗೆ ಎಷ್ಟು ಶಾಂಪೂ ಹಾಕಿದರೂ ಪ್ರಯೋಜನವಿಲ್ಲ, ರಕ್ತಪರೀಕ್ಷೆಯೇ ಆಗಬೇಕು.

ಇವನ್ನು ಮಾಡಲೇಬೇಡಿ

* ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್, ಫಿನಾಯಿಲ್ ಹಚ್ಚಬೇಡಿ. ಇವು ಚರ್ಮವನ್ನು ಸುಡುತ್ತವೆ. ನಾಯಿ ನೆಕ್ಕಿದರೆ ವಿಷ ಹೊಟ್ಟೆ ಸೇರುತ್ತದೆ.
* ಮನುಷ್ಯರ ಸ್ಟೀರಾಯ್ಡ್ ಮುಲಾಮು ಬೇಡ. ತುರಿಕೆ ತಾತ್ಕಾಲಿಕವಾಗಿ ತಗ್ಗಿದರೂ ಹುಳುಕಡ್ಡಿ, ಡೆಮೋಡೆಕ್ಸ್ ಹೆಚ್ಚಾಗಬಹುದು.
* ಐವರ್‌ಮೆಕ್ಟಿನ್ ಅನ್ನು ಅಂದಾಜಿನಲ್ಲಿ ಕೊಡಬೇಡಿ. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ನಂಥ ತಳಿಗಳಲ್ಲಿ ಆನುವಂಶಿಕ ಕಾರಣದಿಂದ ಇದು ಮೆದುಳಿಗೆ ಸೇರಿ ಪ್ರಾಣಕ್ಕೇ ಎರವಾಗಬಹುದು.
* ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆತ್ರಿನ್ ಇರುವ ಔಷಧದ ಬಗ್ಗೆ ಎಚ್ಚರ. ಬೆಕ್ಕಿಗೆ ಅದು ವಿಷ.
* ಮನುಷ್ಯರ ಶಾಂಪೂ, ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ.

ವೈದ್ಯರು ಏನು ಮಾಡುತ್ತಾರೆ?

ಬ್ಲೇಡಿನಿಂದ ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನುಸಿ ಹುಡುಕುತ್ತಾರೆ. ಸಾರ್ಕಾಪ್ಟಿಸ್ ಎಷ್ಟೋ ಬಾರಿ ಪರೀಕ್ಷೆಗೆ ಸಿಗುವುದಿಲ್ಲ. ಹಾಗಾಗಿ ಲಕ್ಷಣ ನೋಡಿಯೇ ಚಿಕಿತ್ಸೆ ಶುರುಮಾಡುವುದುಂಟು. ಅಗತ್ಯವಿದ್ದರೆ ಕೂದಲಿನ ಶಿಲೀಂಧ್ರ ಪರೀಕ್ಷೆ, ರಕ್ತಪರೀಕ್ಷೆ ಹೇಳುತ್ತಾರೆ. ನುಸಿ, ಚಿಗಟ, ಉಣುಗಿಗೆ ಫ್ಲುರಲಾನರ್, ಅಫೊಕ್ಸೊಲಾನರ್‌ನಂಥ ಮಾತ್ರೆಗಳು ಬಂದ ಮೇಲೆ ಚಿಕಿತ್ಸೆ ಮೊದಲಿಗಿಂತ ಸುಲಭವಾಗಿದೆ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ತಿಳಿಸಬೇಕು.

ಹೋಗುವಾಗ ಮೊಬೈಲ್‌ನಲ್ಲಿ ಕಲೆಗಳ ಫೋಟೋ, ಈಗಾಗಲೇ ಕೊಟ್ಟ ಔಷಧ ಮತ್ತು ಆಹಾರದ ವಿವರ ಇರಲಿ. ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಸರ್ಕಾರಿ ಪಶು ಆಸ್ಪತ್ರೆ, ಪಶುವೈದ್ಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಮುಂಬೈಯ ಪರೇಲ್, ಚೆನ್ನೈಯ ವೇಪೇರಿ, ಹೈದರಾಬಾದ್‌ನ ರಾಜೇಂದ್ರನಗರ, ಬೆಂಗಳೂರಿನ ಹೆಬ್ಬಾಳದಲ್ಲಿ ಇಂಥ ಕಾಲೇಜುಗಳಿವೆ.

ಕೂದಲು ಮತ್ತೆ ಬಂದ ಕೂಡಲೇ ಔಷಧ ನಿಲ್ಲಿಸುವುದು ಹಲವರು ಮಾಡುವ ತಪ್ಪು. ವೈದ್ಯರು ಸಾಕು ಎನ್ನುವವರೆಗೆ ಮುಂದುವರಿಸಿ, ಇಲ್ಲದಿದ್ದರೆ ರೋಗ ಮರುಕಳಿಸುತ್ತದೆ.

ಬೀದಿಗೆ ಬಿಡಬೇಡಿ

ಮೈಮೇಲೆ ಕೂದಲಿಲ್ಲದ, ವಾಸನೆ ಬರುವ ನಾಯಿಯನ್ನು ಕಂಡು ಅಪಾರ್ಟ್‌ಮೆಂಟಿನವರು ದೂರುತ್ತಾರೆ, ಮನೆಯವರೇ ಮುಟ್ಟಲು ಹಿಂಜರಿಯುತ್ತಾರೆ. ಕೊನೆಗೆ ಎಲ್ಲೋ ದೂರ ಬಿಟ್ಟು ಬರುವವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು, ಬಾಯಾರಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ನೋಡಲು ಭೀಕರವಾಗಿ ಕಾಣುವ ಈ ಚರ್ಮರೋಗಗಳಲ್ಲಿ ಹೆಚ್ಚಿನವು ಸರಿಯಾದ ಕಾರಣ ಗೊತ್ತಾದರೆ ವಾಸಿಯಾಗುತ್ತವೆ, ಉಳಿದವು ಹತೋಟಿಗೆ ಬರುತ್ತವೆ. ನಾಯಿ ವಾರಕ್ಕಿಂತ ಹೆಚ್ಚು ದಿನ ಕೆರೆದುಕೊಳ್ಳುತ್ತಿದ್ದರೆ ಮುಲಾಮಿನ ಡಬ್ಬಿ ಬದಿಗಿಟ್ಟು ವೈದ್ಯರಿಗೆ ತೋರಿಸಿ. ಮರಿಯಾಗಿದ್ದರೆ, ಕೀವು ಬರುತ್ತಿದ್ದರೆ, ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಅಷ್ಟು ದಿನವೂ ಕಾಯಬೇಡಿ.