ಅರಿ, ಚೋರು ಮತ್ತು ರೈಸ್

ಪುತ್ತೂರು, ಸುಳ್ಯ, ಕಡಬ ಕಡೆಯ ಯಾವುದಾದರೂ ಹಳ್ಳಿಯ ಒಂದು ಬ್ಯಾರಿ ಮಗುವಿನ ದಿನಚರಿಯನ್ನು ಸ್ವಲ್ಪ ಗಮನಿಸಿ. ಬೆಳಿಗ್ಗೆ ಬೇಗ ಮದ್ರಸ. ಅಲ್ಲಿ ಉಸ್ತಾದರು ಓದಿಸುವ ಪಾಠಪುಸ್ತಕದ ಭಾಷೆ ಮಲಯಾಳ, ಲಿಪಿ ಅರಬಿ. 1951ರಲ್ಲಿ ಕೇರಳದಲ್ಲಿ ಸ್ಥಾಪನೆಯಾದ ಸಮಸ್ತ ವಿದ್ಯಾಭ್ಯಾಸ ಬೋರ್ಡಿನ ಮೂಲಕ ಈ ಅರಬಿ–ಮಲಯಾಳ ಪುಸ್ತಕಗಳು ನಮ್ಮ ಜಿಲ್ಲೆಯ ಮದ್ರಸಗಳಿಗೂ ಬಂದವು. ಅಲ್ಲಿಂದ ಕನ್ನಡ ಶಾಲೆ. ಅದರ ನಡುವೆ ಇಂಗ್ಲಿಷ್ ಪೀರಿಯಡ್ಡು. ಆಟದ ಬಯಲಿನಲ್ಲಿ ತುಳು. ಮನೆಗೆ ಬಂದು ಉಮ್ಮನ ಮುಂದೆ ಕುಳಿತರೆ ಬ್ಯಾರಿ. ಹತ್ತು ವರ್ಷ ತುಂಬುವ ಮೊದಲೇ ಮೂರು ಲಿಪಿಗಳ, ನಾಲ್ಕೈದು ಭಾಷೆಗಳ ಒಡನಾಟ!

ಇಷ್ಟೆಲ್ಲ ನಿಭಾಯಿಸುವ ಮಗು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಆಗ ಅದಕ್ಕೆ ಸಿಗುವ ಬಿರುದು ‘ದಡ್ಡ’. ಉರ್ದು ಶಾಲೆಯಲ್ಲಿ ಅಲಿಫ್, ಬೇ ತಿದ್ದಿ ಅನಂತರ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತ ನನಗೂ ಆ ಬಿರುದಿನ ಪರಿಚಯವಿದೆ. ಅದನ್ನು ಕೊಟ್ಟ ಮಾಸ್ಟ್ರ ಮೇಲೆ ನನಗೆ ಇಂದು ಸಿಟ್ಟಿಲ್ಲ. ನನ್ನ ತಲೆಯೊಳಗೆ ಯಾವ ಭಾಷೆ ಓಡುತ್ತಿದೆ ಎಂದು ತಿಳಿಯಲು ಅವರ ಕೈಯಲ್ಲಿ ಯಾವ ಪುಸ್ತಕವೂ ಇರಲಿಲ್ಲ. ಮಕ್ಕಳ ಕೈಗೆ ಏನು ಕೊಟ್ಟೆವು ಎಂಬ ಬಗ್ಗೆ ನಾವು ಬೇಕಾದಷ್ಟು ಚರ್ಚೆ ಮಾಡಿದ್ದೇವೆ. ಕಲಿಸುವವರ ಕೈಗೆ ಏನು ಕೊಟ್ಟೆವು ಎಂಬುದನ್ನು ಕೇಳಿಕೊಂಡದ್ದು ಕಡಿಮೆ. ಆ ಪ್ರಶ್ನೆಗೂ ಒಂದು ಚರಿತ್ರೆ ಇದೆ.

ಈ ಸೀಮೆಯ ತರಗತಿಯಲ್ಲಿ ಬ್ಯಾರಿ ಮಗು ಒಂಟಿಯಲ್ಲ. ಅದರ ಪಕ್ಕದಲ್ಲಿ ಕುಳಿತವನು ತುಳುವ. ಸುಳ್ಯದ ಕಡೆ ಹೋದರೆ ಗೌಡರ ಮನೆಯ ಮಕ್ಕಳದು ಅರೆಭಾಷೆ. ಅಡಿಕೆ ತೋಟದ ಹವ್ಯಕ ಮಗುವಿನದು ಪಠ್ಯಪುಸ್ತಕದ ಕನ್ನಡಕ್ಕಿಂತ ತುಂಬ ಬೇರೆಯಾದ ಕನ್ನಡ. ಕೊಂಕಣಿ, ಮರಾಠಿ ಮನೆಗಳೂ ಇವೆ. ಕಡಬ, ನೆಲ್ಯಾಡಿಗಳಲ್ಲಿ ತಿರುವಾಂಕೂರಿನ ಕಡೆಯಿಂದ ವಲಸೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳ ಮನೆಮಾತು ಮಲಯಾಳ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿದ ತಮಿಳರಲ್ಲಿ ಅನೇಕರು ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರ್ ತೋಟಗಳ ಕೆಲಸಗಾರರಾದರು. ಅವರ ಮಕ್ಕಳು ತಮಿಳಿನೊಡನೆ ಶಾಲೆಯ ಮೆಟ್ಟಿಲೇರಿದರು. ಇಂಥ ತರಗತಿಯಲ್ಲಿ ಹೆಚ್ಚಿನ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಆಗುತ್ತದೆ.

ಈ ಸತ್ಯವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಹೊರಗಿನಿಂದ ಬಂದವರು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು, 1841ರಲ್ಲಿ ಮುದ್ರಣಾಲಯ ಆರಂಭಿಸಿದರು. ಅವರ ಉದ್ದೇಶ ಮತಪ್ರಚಾರ ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಆದರೆ ಆ ಉದ್ದೇಶಕ್ಕಾಗಿಯೇ ಅವರು ಮನೆಮಾತನ್ನು ಕಲಿಯಬೇಕಾಯಿತು. ಊರಿನವರೊಡನೆ ಮಾತಾಡಲು ಕನ್ನಡವೊಂದೇ ಸಾಲದು ಎಂದು ಅವರಿಗೆ ಬೇಗನೆ ಗೊತ್ತಾಯಿತು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು. 1872ರಲ್ಲಿ ಬ್ರಿಗೆಲ್ ತುಳು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು, 1888ರಲ್ಲಿ ಇಂಗ್ಲಿಷ್–ತುಳು ನಿಘಂಟು ಬಂದವು. ಕಿಟೆಲ್ ಅವರ ಪ್ರಸಿದ್ಧ ಕನ್ನಡ–ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಅಂದರೆ ತುಳುವನಿಗೆ ನೇರವಾಗಿ ಇಂಗ್ಲಿಷ್ ಕಲಿಸಲು ಬೇಕಾದ ಸಾಮಗ್ರಿ ನಮ್ಮ ಜಿಲ್ಲೆಯಲ್ಲಿ ಕಿಟೆಲ್ ನಿಘಂಟಿಗಿಂತ ಮೊದಲೇ ಅಚ್ಚಾಗಿತ್ತು. ಆದರೆ ಅವು ಪಾದ್ರಿಗಳ, ಅಧಿಕಾರಿಗಳ ಕಪಾಟಿನ ದಪ್ಪ ಪುಸ್ತಕಗಳು. ಸಂಪಾಜೆಯ, ಸುಬ್ರಹ್ಮಣ್ಯದ ಐಗಳ ಮಠಕ್ಕೆ ತಲುಪುವಂಥವಲ್ಲ. ಬ್ಯಾರಿ ಭಾಷೆಯ ಪಾಲಿಗಂತೂ ಅಷ್ಟೂ ಬರಲಿಲ್ಲ.

ಶಾಲಾ ಶಿಕ್ಷಕರ ಬಳಿಗೆ ನಿಜವಾಗಿ ಬಂದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತು ಕೊಂಕಣಿ. ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಜಿಲ್ಲೆಯ ಶಾಲೆಗಳನ್ನು ಸುತ್ತಿದ ಅವರಿಗೆ ತರಗತಿಯ ಮೌನ ಗೊತ್ತಿತ್ತು. ಆ ಮೌನವನ್ನು ಮುರಿಯಲು ಅವರು ಕಂಡುಕೊಂಡ ಉಪಾಯ ಹಾಡು ಮತ್ತು ಕಥೆ. ಕನ್ನಡ ತನ್ನ ಮನೆಮಾತಲ್ಲದ ಮನುಷ್ಯನೊಬ್ಬ ಕನ್ನಡ ಮನೆಮಾತಲ್ಲದ ಸಾವಿರಾರು ಮಕ್ಕಳಿಗೆ ಕನ್ನಡದ ರುಚಿ ಹಚ್ಚಿದ್ದು ನಮ್ಮ ಶಿಕ್ಷಣ ಚರಿತ್ರೆಯ ಒಂದು ದೊಡ್ಡ ಸಂಗತಿ.

ಪುತ್ತೂರಿನಲ್ಲೇ ನೆಲೆಸಿದ ಶಿವರಾಮ ಕಾರಂತರು ಇನ್ನೊಂದು ದಾರಿ ಹಿಡಿದರು. ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದರು. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ತಂದರು. ಪುಸ್ತಕದಂಗಡಿಗಳೇ ಅಪರೂಪವಾಗಿದ್ದ ಕಾಲದಲ್ಲಿ ಒಬ್ಬ ಹಳ್ಳಿಯ ಮಾಸ್ಟ್ರು ಪಾಠಕ್ಕೆ ಮೊದಲು ತಿರುವಿ ನೋಡಬಹುದಾದ ಪುಸ್ತಕಗಳಿವು. ಸರಕಾರ ಹೇಳುವವರೆಗೆ ಕಾಯದೆ ಕಲಿಸುವವರಿಗೆ ಬೇಕಾದುದನ್ನು ತಾವೇ ಮಾಡಿಕೊಡುವ ಪರಂಪರೆ ಈ ಊರಿಗೆ ಹೀಗೆ ಬಂತು.

1956ರಲ್ಲಿ ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯ ಸೇರಿತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಇಂಗ್ಲಿಷ್ ಕಲಿಸುವುದಕ್ಕೆ ಪ್ರತ್ಯೇಕ ತರಬೇತಿ ಬೇಕು ಎಂಬ ಮಾತು ಆಗ ಗಟ್ಟಿಯಾಯಿತು. ಆ ಕಾಲದ ನಂಬಿಕೆ ‘ಸ್ಟ್ರಕ್ಚರಲ್’ ವಿಧಾನದಲ್ಲಿತ್ತು. ವಾಕ್ಯದ ಒಂದು ಅಚ್ಚು ತೆಗೆದುಕೊಳ್ಳುವುದು, ಅದರಲ್ಲಿ ಪದ ಬದಲಿಸುತ್ತಾ ಹೋಗುವುದು, ಮಕ್ಕಳು ಸಾಮೂಹಿಕವಾಗಿ ಹೇಳುವುದು. ‘ಇದು ಪೆನ್ನು, ಇದು ಪುಸ್ತಕ’ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳಿದ ನೆನಪು ನನ್ನ ವಯಸ್ಸಿನ ಹಲವರಿಗೆ ಇದೆ. ಅಲ್ಲಿ ಮಾತೃಭಾಷೆಯನ್ನು ಆದಷ್ಟು ದೂರವಿಡಬೇಕು ಎಂಬುದು ನಿಯಮ. ಮಗು ಮನೆಮಾತಿನಲ್ಲಿ ಅರ್ಥ ಕೇಳಿದರೆ ಅದು ತಪ್ಪು. ಹೀಗೆ ಬ್ರಿಗೆಲ್, ಮ್ಯಾನರ್ ತೆರೆದಿಟ್ಟಿದ್ದ ಬಾಗಿಲನ್ನು ಹೊಸ ತರಬೇತಿ ಮೆಲ್ಲಗೆ ಮುಚ್ಚಿತು.

ಆ ವಿಧಾನದ ಮಿತಿಯನ್ನು ಕಂಡವರೂ ಇಲ್ಲಿಯವರೇ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಅದಕ್ಕೆ ‘ಬೆಂಗಳೂರು ಯೋಜನೆ’ ಎಂದೇ ಹೆಸರು. ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳಿಗೆ ಸಮಸ್ಯೆಗಳನ್ನು ಕೊಟ್ಟರು. ನಕ್ಷೆ ನೋಡಿ ದಾರಿ ಹೇಳು, ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಲೆಕ್ಕ ಹಾಕು. ಮಗುವಿನ ಗಮನ ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಬರುತ್ತದೆ ಎಂಬುದು ಅವರ ವಾದ. 1987ರಲ್ಲಿ ಆ ಅನುಭವವನ್ನು ಪ್ರಭು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂದಿಗೂ ಜಗತ್ತಿನ ಅನೇಕ ಕಡೆ ಇಂಗ್ಲಿಷ್ ಶಿಕ್ಷಕರಾಗುವವರು ಅದನ್ನು ಓದುತ್ತಾರೆ. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನ ಸಮಯವನ್ನು ಕರಿಹಲಗೆಯ ಮೇಲೆ ಬರೆದರೆ ಇಡೀ ಪಾಠವೊಂದು ಸಿದ್ಧವಾಗುತ್ತದೆ ಎಂದು ನಮ್ಮ ಶಿಕ್ಷಕರಿಗೆ ಹೇಳಿದವರು ಮಾತ್ರ ಕಡಿಮೆ.

ಆ ಹೊತ್ತಿಗೆ ರಾಜ್ಯದಲ್ಲಿ ಭಾಷೆಯ ಚರ್ಚೆ ಬೇರೆ ದಿಕ್ಕು ಹಿಡಿದಿತ್ತು. 1981ರ ಗೋಕಾಕ್ ವರದಿ, ಅದರ ಹಿಂದೆ ಬಂದ ಚಳವಳಿ, 1994ರ ಭಾಷಾ ನೀತಿಯ ಆದೇಶ, ಅದನ್ನು ಒಪ್ಪದ 2014ರ ಸುಪ್ರೀಂ ಕೋರ್ಟಿನ ತೀರ್ಪು. ಯಾವ ಮಾಧ್ಯಮ ಎಂಬ ಪ್ರಶ್ನೆಯೇ ಎಲ್ಲರ ಬಾಯಲ್ಲಿ. ಯಾವ ಮಾಧ್ಯಮವಾದರೂ ಕಲಿಸುವುದು ಹೇಗೆ ಎಂಬ ಪ್ರಶ್ನೆ ಹಿಂದೆ ಉಳಿಯಿತು. ಈ ಗದ್ದಲದ ನಡುವೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿ ಕಲಿ’ಯನ್ನು ನೆನೆಯಲೇಬೇಕು. ಅಲ್ಲಿ ಶಿಕ್ಷಕರೇ ಕಲಿಕಾ ಕಾರ್ಡುಗಳ ತಯಾರಿಯಲ್ಲಿ ಕೈಜೋಡಿಸಿದ್ದರು. 2009–10ರಲ್ಲಿ ಅದು ರಾಜ್ಯಕ್ಕೆಲ್ಲ ಬಂದಾಗ ಪುತ್ತೂರು ಸುಳ್ಯದ ಶಿಕ್ಷಕರ ಕೈಗೆ ಸಿದ್ಧ ಕಾರ್ಡುಗಳು ಬಂದವು. ಕಾರ್ಡು ಮಾಡುವ ಹಕ್ಕು ಬರಲಿಲ್ಲ.

2007–08ರಲ್ಲಿ ಸರಕಾರಿ ಶಾಲೆಗಳ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಆರಂಭವಾಯಿತು. ಅದುವರೆಗೆ ಐದನೆಯಲ್ಲಿ ಕಲಿಸುತ್ತಿದ್ದುದನ್ನು ಈಗ ಆರು ವರ್ಷದ ಮಗುವಿಗೆ ಹೇಳಿಕೊಡಬೇಕು. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೂ ತೆರೆಯಲಾಯಿತು. ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಕು ಎಂಬ ಬೇಡಿಕೆಯಲ್ಲಿ ನ್ಯಾಯವಿದೆ, ಅದನ್ನು ಅಲ್ಲಗಳೆಯುವ ಅಧಿಕಾರ ಮಕ್ಕಳನ್ನು ಕಾನ್ವೆಂಟಿಗೆ ಕಳುಹಿಸಿದ ನಮ್ಮಂಥವರಿಗಿಲ್ಲ. ತರಬೇತಿಗಳೂ ನಡೆದವು. ಬೆಂಗಳೂರಿನಲ್ಲಿ ತರಬೇತಿ ಪಡೆದವರು ಜಿಲ್ಲೆಗೆ, ಜಿಲ್ಲೆಯವರು ತಾಲೂಕಿಗೆ, ತಾಲೂಕಿನವರು ಕ್ಲಸ್ಟರಿಗೆ. ಹಂಡೆಯಿಂದ ಕೊಡಕ್ಕೆ, ಕೊಡದಿಂದ ಚೆಂಬಿಗೆ ಸುರಿದ ನೀರಿನ ಹಾಗೆ ಕೊನೆಗೆ ತಲುಪುವಷ್ಟರಲ್ಲಿ ಒಂದಿಷ್ಟು ಚೆಲ್ಲಿರುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಒಂದು ಸಂಪನ್ಮೂಲ ಎಂದು ಕರೆಯಿತು. ಒಳ್ಳೆಯ ಮಾತು. ಆದರೆ ಆ ಮಾತನ್ನು ಬ್ಯಾರಿ, ತುಳು, ಅರೆಭಾಷೆಯ ಉದಾಹರಣೆಗಳೊಡನೆ ಬಿಡಿಸಿ ಹೇಳುವ ಕೈಪಿಡಿಯನ್ನು ನಮ್ಮ ಶಿಕ್ಷಕರ ಮೇಜಿನ ಮೇಲೆ ನಾನು ಕಂಡಿಲ್ಲ.

ನಾನು ಕಂಡದ್ದು ಒಂದು ಹಳೆಯ ನೋಟ್‌ಬುಕ್. ಕಡಬದ ಕಡೆಯ ನಿವೃತ್ತ ಟೀಚರೊಬ್ಬರು ಮಾತಿನ ನಡುವೆ ಒಳಗೆ ಹೋಗಿ ತಂದು ತೋರಿಸಿದರು. ಪುಟದ ತುಂಬ ಗೆರೆ ಹಾಕಿ ಮಾಡಿದ ಮನೆಗಳು. ಮೊದಲ ಮನೆಯಲ್ಲಿ ಇಂಗ್ಲಿಷ್ ಪದ, ಆಮೇಲೆ ಕನ್ನಡ, ತುಳು, ಬ್ಯಾರಿ, ಮಲಯಾಳ. ‘ರೈಸ್’ ಎಂಬ ಪದದ ಎದುರು ಅವರು ಮೂರು ಸಾಲು ಬಿಟ್ಟಿದ್ದರು. ಕನ್ನಡದಲ್ಲಿ ಭತ್ತ, ಅಕ್ಕಿ, ಅನ್ನ. ತುಳುವಿನಲ್ಲಿ ಬಾರ್, ಅರಿ, ನುಪ್ಪು. ಬ್ಯಾರಿ ಮತ್ತು ಮಲಯಾಳದ ಮಕ್ಕಳಿಗೆ ಅಕ್ಕಿ ಎಂದರೆ ಅರಿ, ಅನ್ನವೆಂದರೆ ಚೋರು. “ರೈಸ್ ಅಂದ್ರೆ ಅರಿಯಾ ಚೋರಾ ಟೀಚರ್ ಅಂತ ಒಬ್ಬ ಹುಡುಗ ಕೇಳಿದ. ಅವನಿಗೆ ಉತ್ತರ ಹೇಳ್ಲಿಕ್ಕೆ ನಾನು ಇದನ್ನು ಶುರು ಮಾಡಿದ್ದು” ಎಂದರು. ಆ ಹುಡುಗನ ಪ್ರಶ್ನೆ ದಡ್ಡನ ಪ್ರಶ್ನೆಯಲ್ಲ. ಗದ್ದೆಯಲ್ಲಿರುವುದನ್ನೂ ಗೋಣಿಯಲ್ಲಿರುವುದನ್ನೂ ಬಟ್ಟಲಲ್ಲಿರುವುದನ್ನೂ ಬೇರೆಬೇರೆಯಾಗಿ ಕರೆಯುವ ಮನೆಯಿಂದ ಬಂದವನಿಗೆ ಇಂಗ್ಲಿಷಿನ ಒಂದೇ ಪದ ಬಡತನದ್ದಾಗಿ ಕಂಡರೆ ಆಶ್ಚರ್ಯವೇನು?

ಇಂಥವು ಎಷ್ಟು ಬೇಕಾದರೂ ಇವೆ. ತುಳುವಿನಲ್ಲಿ ಎದುರಿನವನನ್ನು ಸೇರಿಸಿಕೊಂಡ ನಾವು ‘ನಮ’, ಅವನನ್ನು ಬಿಟ್ಟ ನಾವು ‘ಎಂಕುಲು’. ಇಂಗ್ಲಿಷಿನ ‘ವೀ’ ಇದರಲ್ಲಿ ಯಾವುದು ಎಂದು ತುಳು ಮಗು ತಡವರಿಸುವುದು ಸಹಜ. ಅದೇ ಮಗುವಿಗೆ ‘ಆಯೆ ಬತ್ತೆ’ ಮತ್ತು ‘ಆಯೆ ಬೈದೆ’ಗಳ ಭೇದ ಬಾಯಲ್ಲೇ ಇದೆ, ‘ಹೀ ಕೇಮ್’, ‘ಹೀ ಹ್ಯಾಸ್ ಕಮ್’ ಎಂಬುದನ್ನು ವ್ಯಾಕರಣದ ಹೆಸರೇ ಹೇಳದೆ ಅದಕ್ಕೆ ಕಲಿಸಬಹುದು. ಬ್ಯಾರಿಯಲ್ಲಿ ‘ಲ’, ‘ಳ’ಗಳ ಭೇದ ಅಳಿದಿದೆ. ಮಲಯಾಳದ ‘ವಿಳಿ’ ಬ್ಯಾರಿಯಲ್ಲಿ ‘ಬಿಲಿ’ ಆಗುತ್ತದೆ. ಹಾಗಾಗಿ ಬ್ಯಾರಿ ಮಗು ‘ಹಳ್ಳಿ’ ಎಂಬಲ್ಲಿ ‘ಹಲ್ಲಿ’ ಎಂದು ಬರೆದು ಕೆಂಪು ಶಾಯಿಯ ಗೆರೆ ಪಡೆಯುತ್ತದೆ. ಇಂಗ್ಲಿಷಿನಲ್ಲಿ ‘ಳ’ಕಾರವೇ ಇಲ್ಲ. ಆ ಮಟ್ಟಿಗೆ ಇಂಗ್ಲಿಷಿನ ಅಂಗಳದಲ್ಲಿ ಬ್ಯಾರಿ ಮಗು ಯಾರಿಗಿಂತಲೂ ಹಿಂದಿಲ್ಲ. ಇದನ್ನು ತಿಳಿದ ಮಾಸ್ಟ್ರು ಕೆಂಪು ಪೆನ್ನು ಎತ್ತುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಇಂದು ಸಾಮಗ್ರಿಗೆ ಬರವಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ತುಳು ಅಕಾಡೆಮಿ 1994ರಲ್ಲಿ, ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ, ಅರೆಭಾಷೆ ಅಕಾಡೆಮಿ 2011ರಲ್ಲಿ ಸ್ಥಾಪನೆಯಾದವು. ಈ ಅಕಾಡೆಮಿಗಳು ಕವಿಗೋಷ್ಠಿ ನಡೆಸಲಿ, ಪ್ರಶಸ್ತಿ ಕೊಡಲಿ, ಸಂತೋಷ. ಅದರ ಜೊತೆಗೆ ಶಿಕ್ಷಕರನ್ನೂ ಕೂಡಿಸಿಕೊಂಡು ಎಲ್ಲರೂ ಸೇರಿ ಐವತ್ತು ಪುಟದ ಒಂದು ಸಣ್ಣ ಕೈಪಿಡಿ ತರಬಾರದೇ? ಮನೆಮಾತಿನಿಂದ ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಮಗುವನ್ನು ಕೈಹಿಡಿದು ನಡೆಸುವ ಕೈಪಿಡಿ. ಮಲೆನಾಡಿನಿಂದಲೋ ಬಯಲುಸೀಮೆಯಿಂದಲೋ ವರ್ಗವಾಗಿ ಬಂದು, ಮೊದಲ ದಿನ ತರಗತಿಯ ಗದ್ದಲದಲ್ಲಿ ಒಂದು ಪದವೂ ಅರ್ಥವಾಗದೆ ನಿಲ್ಲುವ ಹೊಸ ಟೀಚರ್‌ಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಮ್ಮ ಮೊಹಲ್ಲಾಗಳ ಶಿಕ್ಷಣ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ. ಟೈ ಕಟ್ಟಿಸಿ ಫಲಕದ ಮೇಲೆ ‘ಇಂಗ್ಲಿಷ್ ಮೀಡಿಯಂ’ ಎಂದು ಬರೆಸಿದರೆ ಇಂಗ್ಲಿಷ್ ಬರುವುದಿಲ್ಲ. ಕಲಿಸುವವರಿಗೆ ಕಲಿಯಲು ನಾವು ಏನು ಖರ್ಚು ಮಾಡಿದ್ದೇವೆ ಎಂಬ ಲೆಕ್ಕವನ್ನೂ ನೋಡಬೇಕು.

ಪುತ್ತೂರಿನ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿ ಮುಸ್ಲಿಮರ ಬದುಕನ್ನು ಕನ್ನಡದಲ್ಲಿ ಬರೆದು ನಾಡೇ ಓದುವಂತೆ ಮಾಡಿದರು. ಮನೆಮಾತಿನ ಬೇರು ಗಟ್ಟಿಯಾಗಿದ್ದವರಿಗೆ ಇನ್ನೊಂದು ಭಾಷೆ ಹೊರೆಯಾಗುವುದಿಲ್ಲ ಎಂಬುದಕ್ಕೆ ದೂರದ ಸಾಕ್ಷಿ ಬೇಡ.

ಹೊರಡುವಾಗ ಆ ಟೀಚರ್ ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದರು. ಗೆರೆ ಹಾಕಿ ಇನ್ನೊಂದು ಮನೆ ಮಾಡಿಟ್ಟಿದ್ದರು, ಮೇಲೆ ‘ತಮಿಳು’ ಎಂದು ಬರೆದಿತ್ತು. ರಬ್ಬರ್ ತೋಟದ ಲೈನ್ ಮನೆಗಳಿಂದ ಬರುತ್ತಿದ್ದ ಮಕ್ಕಳಿಗಾಗಿ. ತುಂಬಿಸುವ ಮೊದಲೇ ನಿವೃತ್ತಿಯಾಯಿತು ಎಂದರು. ಆ ಮನೆ ಹಾಗೆಯೇ ಖಾಲಿ ಇದೆ.