ಕಟ್ಟೆಯ ಹೆಸರಲ್ಲಿ ಉಳಿದ ಊರು

ನಮ್ಮ ಕಡೆ ಹಿರಿಯರ ಬಾಯಲ್ಲಿ ಕೃಷ್ಣರಾಜಸಾಗರ ಎಂಬ ಹೆಸರು ಬರುವುದು ಕಡಿಮೆ. ಮಳೆಗಾಲ ಬಂದರೆ "ಕನ್ನಂಬಾಡಿ ಕಟ್ಟೆ ತುಂಬ್ತಾ?" ಎಂದೇ ಕೇಳುತ್ತಾರೆ. ಕನ್ನಂಬಾಡಿ ಎಂಬುದು ಮೊದಲು ಕಟ್ಟೆಯಲ್ಲ, ಕಾವೇರಿ ದಡದ ಒಂದು ಊರು ಎಂಬುದು ಮಾತ್ರ ನಮ್ಮ ವಯಸ್ಸಿನ ಅನೇಕರಿಗೆ ಗೊತ್ತಿಲ್ಲ.

ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೋದರೆ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯ ಕಟ್ಟಿದ ಜಾಗದಲ್ಲೇ ನಿಂತಿದೆ. ಐದು ಗರ್ಭಗುಡಿ ಸಾಲಾಗಿವೆ. ದ್ವಾರಪಾಲಕರ ಮೂರ್ತಿಯಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರೂ ಇದೆ. ಇದೇ ತಾಲ್ಲೂಕನ್ನು ಹಾದು ಹೋಗುವ ಹೇಮಾವತಿ, ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಅಲ್ಲಿದ್ದ ಕನ್ನಂಬಾಡಿಯಲ್ಲೂ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವಿತ್ತು. ಕಣ್ವ ಋಷಿ ಇದ್ದ ಸ್ಥಳವಾದ್ದರಿಂದ ಊರಿಗೆ ಆ ಹೆಸರು ಎಂಬುದು ಜನರ ನಂಬಿಕೆ. ಗೋವಿಂದನಹಳ್ಳಿಯ ಕಲ್ಲು ಕದಲಲಿಲ್ಲ, ಕನ್ನಂಬಾಡಿಯದು ಊರಿನ ಜೊತೆ ಮುಳುಗಿತು.

ಇಲ್ಲಿ ಕಾವೇರಿಗೆ ಕಟ್ಟೆ ಹಾಕುವ ಯೋಚನೆ ಟಿಪ್ಪುವಿನ ಕಾಲದ್ದು. ಅದನ್ನು ಹೇಳುವ ಪರ್ಷಿಯನ್ ಶಾಸನ ಕಟ್ಟೆಯ ಕೆಲಸದ ವೇಳೆ ಸಿಕ್ಕಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಯೋಜನೆಯಂತೆ ಕೆಲಸ ಶುರುವಾಯಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದ ಕರೆಂಟಿಗೆ ಬೇಸಿಗೆಯಲ್ಲೂ ನೀರು ಬೇಕಿತ್ತು, ಮಂಡ್ಯದ ಒಣಭೂಮಿಗೂ ಬೇಕಿತ್ತು. ಮದ್ರಾಸ್ ಸರ್ಕಾರದ ತಕರಾರು 1924ರ ಒಪ್ಪಂದದವರೆಗೆ ಎಳೆಯಿತು. 1930ರ ದಶಕದ ಆರಂಭದಲ್ಲಿ 124 ಅಡಿಯ ಕಟ್ಟೆ ಮುಗಿಯಿತು.

ನಂತರದ್ದು ನಮಗೆಲ್ಲ ಬಾಯಿಪಾಠ. ಇರ್ವಿನ್ ನಾಲೆ, ಅಂದರೆ ಇಂದಿನ ವಿ.ಸಿ. ನಾಲೆ, ನೀರು ತಂದಿತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ ಬಂತು. ನಮ್ಮಲ್ಲಿ ಎಷ್ಟೋ ಜನರ ಶಾಲೆ ಫೀಜು ಕಟ್ಟಿದ್ದು ಅದೇ ಕಬ್ಬಿನ ದುಡ್ಡು.

ಆದರೆ ಕನ್ನಂಬಾಡಿಯವರು, ಸುತ್ತಲಿನ ಹಳ್ಳಿಯವರು ಮನೆ, ಗದ್ದೆ, ಸುಡುಗಾಡು ಎಲ್ಲ ಬಿಟ್ಟು ಎದ್ದರು. ದಡದ ಮೇಲೆ ಹೊಸ ಕನ್ನಂಬಾಡಿ ಆಯಿತು. ಹಳೆ ದೇವಾಲಯ ಸುಮಾರು ಎಪ್ಪತ್ತು ವರ್ಷ ನೀರಿನಡಿ ಇತ್ತು. ಬರಗಾಲದಲ್ಲಿ ನೀರು ತಗ್ಗಿದಾಗ ಕಾಣಿಸಿಕೊಳ್ಳುತ್ತಿತ್ತು. ಜಿಲ್ಲೆಗೆಲ್ಲ ಸಂಕಟದ ವರ್ಷದಲ್ಲೇ ಅಲ್ಲಿಯವರಿಗೆ ತಮ್ಮ ಊರಿನ ಗುಡಿ ಕಾಣುತ್ತಿತ್ತು! 2000ದ ನಂತರ ಖೋಡೇಸ್ ಪ್ರತಿಷ್ಠಾನ ಅದರ ಕಲ್ಲುಗಳನ್ನು ಬಿಚ್ಚಿ ತಂದು, ಹೊಸ ಕನ್ನಂಬಾಡಿಯ ಹಿನ್ನೀರ ದಡದಲ್ಲಿ ಮತ್ತೆ ಜೋಡಿಸಿತು. ಇಂದು ರಜಾ ದಿನ ಕಾರುಗಳ ಸಾಲು, ಸೆಲ್ಫಿ, ಚುರುಮುರಿ.

ದೇವಾಲಯವನ್ನು ಮೇಲೆತ್ತಬಹುದು. ಯಾವ ಬೀದಿಯಲ್ಲಿ ಯಾರಿದ್ದರು, ಯಾವ ಕಡವಿನಲ್ಲಿ ಹೊಳೆ ದಾಟುತ್ತಿದ್ದರು ಎಂಬುದು ಕಲ್ಲಿನಲ್ಲಿ ಸಿಗುವುದಿಲ್ಲ. ಎದ್ದು ಬಂದವರು ಈಗ ಇಲ್ಲ. ಅವರಿಂದ ಕೇಳಿದ ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ಅವರಿಗೂ ವಯಸ್ಸಾಗಿದೆ. ಕಟ್ಟೆಯ ನೀರಿನ ಮಟ್ಟವನ್ನು ದಿನಾ ಸುದ್ದಿ ಮಾಡಿ ಕಳಿಸುವ ನಾವು, ಆ ನೀರಿನಡಿ ಇರುವ ಊರುಗಳ ಬಗ್ಗೆ ಬರೆದದ್ದು ತೀರಾ ಕಡಿಮೆ. ನಿಮ್ಮ ಮನೆಯ ಹಿರಿಯರು ಮುಳುಗಿದ ಊರಿನ ಕಡೆಯವರಾಗಿದ್ದರೆ, ಈ ವಾರವೇ ಪಕ್ಕದಲ್ಲಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ನಾವೂ ಹೊರಟಿದ್ದೇವೆ.